ಕಾಜಾಕ್ಕ ಕತ್ತರಿಸಿದ ರೆಕ್ಕೆ

ನಮ್ಮ ಬೀದಿಯಲ್ಲಿ ನನ್ನ ಓರಗಿತ್ತಿಯ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಜಾಕ್ಕ ಎಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಮೂಲೆಯ ಟೈಲರ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಅಂಗಿಗಳಿಗೆ ಕಾಜಾ ಹಾಕಿದವಳು ಅವಳು. ಗುಂಡಿ ತೂರಿಸುವ ಆ ಸಣ್ಣ ಸೀಳನ್ನು ಕತ್ತರಿಯ ತುದಿಯಿಂದ ಒಂದೇ ಸಲಕ್ಕೆ ಕತ್ತರಿಸಿ, ಸುತ್ತ ಅಂಚಿಗೆ ದಾರ ಹೆಣೆಯಬೇಕು. ಒಂದು ಎಳೆ ಹೆಚ್ಚು ಕತ್ತರಿಸಿದರೆ ಅಂಗಿಯೇ ಹಾಳು. ಅವಳ ಕೈಯಲ್ಲಿ ಒಂದು ಅಂಗಿಯೂ ಹಾಳಾಗಿಲ್ಲ ಎಂದು ಟೈಲರ್ ಎಲ್ಲರ ಮುಂದೆ ಹೇಳುತ್ತಿದ್ದರು. ಅದೇ ಟೈಲರ್ ಎರಡು ವರ್ಷದ ಹಿಂದೆ ಕಾಜಾ ಹಾಕುವ ಮಷೀನು ತಂದರು. ಈಗ ಅವಳಿಗೆ ವಾರದಲ್ಲಿ ಎರಡು ದಿನ ಕೋಟುಗಳ ಕೆಲಸ ಮಾತ್ರ ಉಳಿದಿದೆ.

ಮಷೀನು ಬಂದ ದಿನ ಮನೆಗೆ ಬಂದು ಅವಳು ಒಂದೇ ಮಾತು ಹೇಳಿದಳು. "ನಿಮಿಷಕ್ಕೆ ಹತ್ತು ಹಾಕುತ್ತೆ ಅಕ್ಕ. ಹತ್ತಕ್ಕೂ ಒಂದೇ ಮುಖ."

ನಮ್ಮದು ಒಂದೇ ಮನೆ, ನಡುವೆ ಗೋಡೆ ಹಾಕಿ ಎರಡು ಪಾಲು ಮಾಡಿದ್ದು. ಮುಂದಿನ ಪಾಲಿನಲ್ಲಿ ನಾನು. ಹಿಂದಿನದರಲ್ಲಿ ಅವಳು ಮತ್ತು ನನ್ನ ಮೈದುನ. ಮೈದುನ ಲಾರಿ ಓಡಿಸುತ್ತಾನೆ, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಹಿತ್ತಲು ಮಾತ್ರ ಇಬ್ಬರಿಗೂ ಒಂದೇ. ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಒಂದು ನಿಂಬೆಗಿಡ, ನಿಂಬೆಗಿಡದ ಕೆಳಗೆ ನಾಲ್ಕು ಇಟ್ಟಿಗೆಯ ಮೇಲೆ ಜೇನುಪೆಟ್ಟಿಗೆ.

ಆ ಜೇನು ತಾನಾಗಿ ಬಂದದ್ದು. ಏಳು ವರ್ಷದ ಹಿಂದೆ ಹಳೆಯ ಹೊಲಿಗೆ ಮಷೀನಿನ ಮರದ ಮುಚ್ಚಳವನ್ನು ಹಿತ್ತಲಲ್ಲಿ ಬೋರಲು ಹಾಕಿದ್ದೆವು. ಒಂದು ಮಧ್ಯಾಹ್ನ ನೋಡಿದರೆ ಅದರೊಳಗೆ ಜೇನುಹುಳ ಗೊಂಚಲು ಕಟ್ಟಿ ನೇತಾಡುತ್ತಿದ್ದವು. ನಾನು ಬಾಗಿಲು ಹಾಕಿಕೊಂಡೆ. ಅವಳು ಬೀದಿಯ ಕೊನೆಯ ಮನೆಗೆ ಓಡಿದಳು. ಅಲ್ಲಿ ಲೈನ್‌ಮನ್ ಇದ್ದಾರೆ, ಕರೆಂಟ್ ಕಂಬ ಹತ್ತಿ ಹತ್ತಿ ನಿವೃತ್ತಿಯಾದವರು, ತಾರಸಿಯ ಮೇಲೆ ಐದು ಪೆಟ್ಟಿಗೆ ಜೇನು ಸಾಕಿದ್ದಾರೆ. ಅವರೇ ಬಂದು ಹುಳಗಳನ್ನು ಪೆಟ್ಟಿಗೆಗೆ ಇಳಿಸಿದರು. ಹೊಗೆ ಡಬ್ಬಿ ಊದುವುದು, ಚೌಕಟ್ಟು ಎತ್ತುವುದು, ಎಲ್ಲವನ್ನೂ ಅವಳಿಗೆ ಕಲಿಸಿದರು. ಅವಳ ಕೈ ನೋಡಿ, "ಇವಳು ಮುಟ್ಟಿದ್ದು ಹುಳಕ್ಕೇ ಗೊತ್ತಾಗಲ್ಲ" ಎಂದು ನಕ್ಕಿದ್ದರು.

ಆಮೇಲೆ ಇಬ್ಬರಿಗೂ ಮಾತು ನಿಂತಿತು. ಮೂರು ವರ್ಷದ ಹಿಂದೆ ಅವರು ಟೈಲರ್ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ, "ಕಾಜಾ, ನಿನ್ನ ಕಣ್ಣು ಮಂಜಾಗಿದೆ. ಕನ್ನಡಕ ಹಾಕ್ಕೋ, ಇಲ್ಲಾಂದ್ರೆ ಹುಳದ ತಂಟೆಗೆ ಹೋಗಬೇಡ" ಎಂದುಬಿಟ್ಟರು. ಅವಳು, "ನೀವು ನಿಮ್ಮ ಕಂಬ ನೋಡ್ಕೊಳ್ಳಿ" ಎಂದಳು. ಅಂದಿನಿಂದ ಎದುರಿಗೆ ಸಿಕ್ಕರೆ ಒಬ್ಬರು ಈ ಪಕ್ಕ, ಒಬ್ಬರು ಆ ಪಕ್ಕ. ಮಷೀನು ಬಂದ ಮೇಲಂತೂ, ಟೈಲರ್ ತಲೆಗೆ ಹುಳ ಬಿಟ್ಟವರು ಅವರೇ ಎಂದು ಅವಳು ಗಟ್ಟಿಮಾಡಿಕೊಂಡಳು. ಕನ್ನಡಕವನ್ನೂ ಹಾಕಲಿಲ್ಲ. ಸೂಜಿಗೆ ದಾರವನ್ನು ನಾಲಿಗೆಯ ತುದಿಯಿಂದಲೇ ಪೋಣಿಸುತ್ತಿದ್ದಳು.

ಕಳೆದ ವರ್ಷ ಜೇನು ಪಾಲಾಗಿ ಹೋಯಿತು. ಪಾಲಾಗುವುದೆಂದರೆ, ಪೆಟ್ಟಿಗೆಯಲ್ಲಿ ಹುಳ ಹೆಚ್ಚಾದಾಗ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಬೇರೆ ಕಡೆ ಹಾರಿಹೋಗುತ್ತದೆ. ಉಳಿದವು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಹಾರಿಹೋದವು ಎತ್ತರದ ಕಂಬವೊಂದಕ್ಕೆ ಎರಡು ದಿನ ನೇತುಬಿದ್ದಿದ್ದು, ಮೂರನೆಯ ದಿನ ಕಾಣಲಿಲ್ಲ. ಅವಳು ಎರಡೂ ದಿನ ಕಂಬದ ಕೆಳಗೆ ಕುತ್ತಿಗೆ ನೋಯುವವರೆಗೆ ನಿಂತಿದ್ದಳು. ಇಳಿಸಿಕೊಡಿ ಎಂದು ಲೈನ್‌ಮನ್‌ರನ್ನು ಕೇಳಲು ಬಾಯಿ ಬರಲಿಲ್ಲ.

ಈ ವರ್ಷ ಹೂವಿನ ಕಾಲ ಶುರುವಾದಾಗ, "ಈ ಸಲ ಹೋಗೋಕೆ ಬಿಡಲ್ಲ ಅಕ್ಕ. ರಾಣಿಯ ಒಂದು ರೆಕ್ಕೆ ಅಂಚು ಕತ್ತರಿಸ್ತೀನಿ. ಅದು ಹಾರದಿದ್ರೆ ಉಳಿದವೂ ಹೋಗಲ್ಲ" ಎಂದಳು.

"ನೋವಾಗಲ್ವೇನೇ?"

"ಉಗುರು ಕತ್ತರಿಸಿದ ಹಾಗೆ. ನನ್ನ ಕೈ ಗೊತ್ತಿಲ್ವಾ ನಿಮಗೆ?"

ಅವತ್ತು ಗಾಳಿ ಎದ್ದಿತ್ತು, ಮೋಡ ಕವಿದಿತ್ತು. ನಾನು ಹೊಗೆ ಡಬ್ಬಿ ಹಿಡಿದು ನಿಂತೆ. ಪೆಟ್ಟಿಗೆಯೊಳಗೆ ಆರು ಚೌಕಟ್ಟು, ಒಂದೊಂದರಲ್ಲೂ ಹುಳ ಕಟ್ಟಿದ ಒಂದೊಂದು ಮೇಣದ ಎರಿ. ಮೂರನೆಯದನ್ನು ಎತ್ತಿದಾಗ ರಾಣಿ ಸಿಕ್ಕಿತು. ಉಳಿದ ಹುಳಗಳಿಗಿಂತ ಉದ್ದ, ಕೆಂಚು ಬಣ್ಣ. ಗಾಬರಿಯಿಂದ ಎರಿಯ ತುಂಬ ಓಡಾಡುತ್ತಿತ್ತು. ಎರಡೇ ಬೆರಳಲ್ಲಿ ಅದನ್ನು ಹಿಡಿದು, ದಾರ ಕತ್ತರಿಸುವ ಕತ್ತರಿಯಿಂದ ಬಲರೆಕ್ಕೆಯ ಅರ್ಧ ತೆಗೆದಳು. ನಾನು ಉಸಿರು ಬಿಡುವುದರೊಳಗೆ ರಾಣಿ ಮತ್ತೆ ಎರಿಯ ಮೇಲಿತ್ತು. ಹನಿ ಬೀಳತೊಡಗಿದ್ದರಿಂದ ಉಳಿದ ಮೂರು ಚೌಕಟ್ಟು ನೋಡದೆ ಮುಚ್ಚಳ ಹಾಕಿಬಿಟ್ಟಳು.

"ಹುಳ ಸ್ವಲ್ಪ ಕಡಿಮೆ ಅನ್ಸಲ್ವಾ?" ಎಂದೆ.

"ಹೂವಿಗೆ ಹೋಗಿರ್ತವೆ ಅಕ್ಕ."

ಮಳೆ ಬರುವ ಹೊತ್ತಿಗೆ ಯಾವ ಹೂವಿಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅದಾಗಿ ಹದಿನಾರು ದಿನ. ಬೆಳಿಗ್ಗೆ ಬಟ್ಟೆ ಒಗೆಯುವಾಗ ನನ್ನ ಮುಖ ಪೆಟ್ಟಿಗೆಯ ಕಡೆಗೇ ಇರುತ್ತದೆ. ಹೋದ ವರ್ಷ ಪೊರೆಯ ಆಪರೇಷನ್ ಆದ ಮೇಲೆ ನನ್ನ ಕಣ್ಣಿಗೆ ಇರುವೆಯ ಮೀಸೆಯೂ ಕಾಣುತ್ತದೆ ಎಂದು ಮೈದುನ ಗೇಲಿ ಮಾಡುತ್ತಾನೆ. ಹೊರಗಿನಿಂದ ಬರುವ ಹುಳಗಳ ಕಾಲಿಗೆ ಯಾವಾಗಲೂ ಹಳದಿ ಹೂವಿನ ಪುಡಿಯ ಉಂಡೆ ಅಂಟಿರುತ್ತಿತ್ತು. ಮೊದಲು ನೂರರಲ್ಲಿ ನಲವತ್ತಕ್ಕೆ ಇತ್ತು. ಈಗ ನೂರು ಹುಳ ಎಣಿಸಿದರೆ ಎಂಟಕ್ಕೆ. ಮರುದಿನ ಐದಕ್ಕೆ. ಅವಳಿಗೆ ಹೇಳಿದೆ.

ಅವಳ ಮುಖ ಬಿಳಿಚಿಕೊಂಡಿತು. ಆ ಪುಡಿ ಮರಿಗಳಿಗೆ ಉಣಿಸುವುದಕ್ಕೆ. ಮರಿಯಿಲ್ಲದ ಮನೆಗೆ ಅದನ್ನು ಯಾರೂ ತರುವುದಿಲ್ಲ.

ಬಿಸಿಲು ಏರಿದ ಕೂಡಲೇ ಪೆಟ್ಟಿಗೆ ತೆರೆದಳು. ಒಳಗಿನ ಸದ್ದೇ ಬೇರೆ ಇತ್ತು. ಮೊದಲೆಲ್ಲ ಅದು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಈಗ ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ನೆಂಟರು ಗುಸುಗುಸು ಮಾತಾಡಿದ ಹಾಗೆ ಏಳುತ್ತ ಬೀಳುತ್ತ ಇತ್ತು. ಮೊದಲ ಎರಿ ಖಾಲಿ. ಎರಡನೆಯದು ಖಾಲಿ. ಮರಿ ಇದ್ದ ಕೋಣೆಗಳನ್ನೆಲ್ಲ ಹುಳಗಳು ತಿಕ್ಕಿ ತೊಳೆದು ಹೊಳೆಯುವಂತೆ ಮಾಡಿಟ್ಟಿದ್ದವು, ಯಾರೋ ಬರುತ್ತಾರೆಂದು ಕಾದ ಹಾಗೆ. ಮೂರನೆಯದರಲ್ಲಿ ರಾಣಿ ಓಡಾಡುತ್ತಿತ್ತು, ಅರ್ಧ ರೆಕ್ಕೆಯದು. ಅಂದರೆ ರಾಣಿ ಇದೆ, ಮೊಟ್ಟೆ ಇಲ್ಲ. ಅವಳು ಬೇಗ ಬೇಗ ನಾಲ್ಕು, ಐದು ಎತ್ತಿ ನೋಡಿದಳು. ಆರನೆಯ ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂಥ ಒಂದು ಒಣಗಿದ ಕೋಣೆ ನೇತಾಡುತ್ತಿತ್ತು. ತುದಿ ದುಂಡಗೆ ಮುಚ್ಚಳ ತೆಗೆದ ಹಾಗೆ ತೆರೆದಿತ್ತು.

ಅದನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಚೌಕಟ್ಟನ್ನು ಒಳಗಿಟ್ಟು, ಮುಚ್ಚಳ ಹಾಕಿ, ಒಗೆಯುವ ಕಲ್ಲಿನ ಮೇಲೆ ಕುಳಿತಳು. ಕಲ್ಲು ಒದ್ದೆಯಿತ್ತು. ಏಳಲಿಲ್ಲ.

"ಏನೇ ಅದು?"

"ರಾಣಿ ಹುಟ್ಟಿದ ಕೋಣೆ ಅಕ್ಕ. ನಾನು ರೆಕ್ಕೆ ಕತ್ತರಿಸಿದ್ದು ಹಳೇ ರಾಣಿಗಲ್ಲ. ಹಳೇದು ಆಗಲೇ ಪಾಲಾಗಿ ಹೋಗಿತ್ತು. ಇದು ಅದರ ಮಗಳು. ಆಗ ತಾನೇ ಹುಟ್ಟಿದ್ದು."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹೊಸ ರಾಣಿ ಹುಟ್ಟಿದ ಒಂದು ವಾರ ಹತ್ತು ದಿನಕ್ಕೆ ಆಕಾಶಕ್ಕೆ ಹಾರಿ ಗಂಡುಹುಳಗಳನ್ನು ಕೂಡಿ ಬರುತ್ತದೆ. ಅದಾದ ಮೇಲೆಯೇ ಒಳ್ಳೆಯ ಮೊಟ್ಟೆ. ಹಾರಲಾಗದ ರಾಣಿ ಸಾಯುವವರೆಗೆ ಪೆಟ್ಟಿಗೆಯಲ್ಲಿ ತಿರುಗುತ್ತಿರುತ್ತದೆ, ದುಡಿಯುವ ಹುಳ ಒಂದೂ ಹುಟ್ಟುವುದಿಲ್ಲ. ಹುಳದ ಆಯುಸ್ಸು ಆರು ವಾರ. ಇರುವವು ಸಾಯುತ್ತ ಬಂದರೆ ತಿಂಗಳೊಳಗೆ ಪೆಟ್ಟಿಗೆ ಖಾಲಿ.

"ಮದುವೆಗೆ ಮೊದಲೇ ಅದರ ಕಾಲು ಮುರಿದೆ ಅಕ್ಕ ನಾನು," ಎಂದಳು.

ಆಗ ನನಗೆ ಬೆಡ್‌ಶೀಟ್ ಒಗೆದ ಮಂಗಳವಾರ ನೆನಪಾಯಿತು. ಅವಳು ಕೋಟಿನ ಕೆಲಸಕ್ಕೆ ಹೋಗಿದ್ದಳು. ನಾನು ಹಿತ್ತಲಲ್ಲಿ ಒಬ್ಬಳೇ ಇದ್ದೆ. ಪೆಟ್ಟಿಗೆಯಿಂದ ಹುಳ ಸುರಿದ ಹಾಗೆ ಹೊರಬಂದು, ನಿಂಬೆಗಿಡದ ಮೇಲೆ ಮೋಡದ ಹಾಗೆ ಸುತ್ತಿ, ಗೋಡೆ ದಾಟಿ ಹೋಗಿದ್ದವು. ಮಧ್ಯಾಹ್ನದ ಹೊತ್ತು ಮರಿಹುಳಗಳು ಹೊರಗೆ ಬಂದು ಆಡುತ್ತವೆ ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಆಡುತ್ತಿವೆ ಎಂದುಕೊಂಡು ನಾನು ಬೆಡ್‌ಶೀಟ್ ಹಿಂಡಿದೆ. ಸಂಜೆ ಹೇಳುವುದೂ ಮರೆತೆ.

ಈಗ ಹೇಳಿದೆ. ಕತ್ತರಿ ಆಡಿಸಿದ್ದು ಅದಾಗಿ ಹತ್ತನೆಯ ದಿನ ಎಂಬುದನ್ನೂ ಹೇಳಿದೆ, ನಾನು ದಿನಗಳಿಗೆ ಕ್ಯಾಲೆಂಡರಿನಲ್ಲಿ ಗೀಟು ಎಳೆಯುವವಳು.

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. "ನೀವು ನೋಡಿ ಹೇಳಲಿಲ್ಲ. ನಾನು ಹೇಳಿಸಿಕೊಂಡು ನೋಡಲಿಲ್ಲ. ಹುಳ ಕಡಿಮೆ ಅಂದ್ರಲ್ಲ ನೀವು," ಎಂದು ಎದ್ದು ಒಳಗೆ ಹೋದಳು.

ದಾರಿ ಒಂದೇ ಇತ್ತು. ಬೇರೆ ಪೆಟ್ಟಿಗೆಯಿಂದ ಮೊಟ್ಟೆಯಿಡುವ ರಾಣಿಯನ್ನು ತಂದು ಕೊಡಬೇಕು. ಬೀದಿಯಲ್ಲಿ ರಾಣಿ ಇರುವುದು ಒಬ್ಬರ ಹತ್ತಿರ ಮಾತ್ರ.

ನಾಲ್ಕು ದಿನ ಅವಳು ಹೋಗಲಿಲ್ಲ. ನಾನು ನಾಲ್ಕು ಗೀಟು ಎಳೆದೆ. ಪೆಟ್ಟಿಗೆಯ ಬಾಗಿಲಲ್ಲಿ ಪ್ರತಿದಿನ ಬೆಳಿಗ್ಗೆ ಸತ್ತ ಹುಳಗಳನ್ನು ಉಳಿದವು ಎಳೆದು ತಂದು ಹಾಕುತ್ತಿದ್ದವು. ಮೊದಲ ದಿನ ಒಂದು ಹಿಡಿ. ನಾಲ್ಕನೆಯ ದಿನ ಮುಕ್ಕಾಲು ಹಿಡಿ. ಅದು ಒಳ್ಳೆಯ ಸುದ್ದಿಯಲ್ಲ. ಸಾಯುವುದಕ್ಕೂ ಒಳಗೆ ಹುಳ ಕಡಿಮೆಯಾಗುತ್ತ ಬಂದಿದ್ದವು.

ಐದನೆಯ ದಿನ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ. "ನಾನು ಹೋಗಿ ಕೇಳ್ತೀನಿ. ನನಗೆ ಅವರ ಜೊತೆ ಜಗಳ ಇಲ್ಲ."

"ನೀವು ಹೋಗಿ ಏನಂತ ಕೇಳ್ತೀರಿ? ರಾಣಿಗೂ ಗಂಡಿಗೂ ವ್ಯತ್ಯಾಸ ಗೊತ್ತಾ ನಿಮಗೆ?" ಎಂದು ಗೊಣಗುತ್ತಲೇ ಸೆರಗು ಸರಿಮಾಡಿಕೊಂಡು ಹೊರಟಳು.

ಲೈನ್‌ಮನ್ ಗೇಟಿನ ಒಳಗೆ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ನಮ್ಮನ್ನು ನೋಡಿ ಎಣ್ಣೆ ಡಬ್ಬಿ ಕೆಳಗಿಟ್ಟರು. ನನ್ನ ಕಡೆಗೆ ತಿರುಗಿ, "ಬನ್ನಿ ಅಕ್ಕ," ಎಂದರು. ಅವಳ ಕಡೆ ನೋಡಲಿಲ್ಲ.

"ಒಂದು ರಾಣಿ ಬೇಕಿತ್ತು," ಎಂದಳು ಅವಳು, ಸೈಕಲ್ಲಿಗೆ ಹೇಳುವ ಹಾಗೆ.

"ನಿನ್ನದಕ್ಕೆ ಏನಾಯ್ತು?"

"ಸತ್ತೋಯ್ತು."

"ಹೆಣ ನೋಡಿದ್ಯಾ?"

"ಹೂಂ."

ನಾನು ಹಿಂದಿನಿಂದ ಅವಳ ಸೆರಗು ಜಗ್ಗಿದೆ. ಅವರು ಮತ್ತೇನೂ ಕೇಳದೆ ತಾರಸಿ ಹತ್ತಿದರು. ನಾವಿಬ್ಬರೂ ನೆರಳಲ್ಲಿ ನಿಂತೆವು. ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದರು, ಕೈಯಲ್ಲಿ ಒಂದು ಬೆಂಕಿಪೊಟ್ಟಣ. ಪೊಟ್ಟಣದ ಮೇಲ್ಭಾಗ ಕೊರೆದು ತಂತಿಯ ಜಾಲರಿ ಅಂಟಿಸಿದ್ದರು. ಒಳಗೆ ಒಂದು ರಾಣಿ, ಅದಕ್ಕೆ ಉಣಿಸಲು ಆರು ಹುಳ.

"ನನ್ನ ಐದರಲ್ಲಿ ಒಳ್ಳೇ ಪೆಟ್ಟಿಗೆಯಿಂದ ತೆಗೆದಿದ್ದೀನಿ. ಅವು ಇನ್ನೊಂದು ಬೆಳೆಸಿಕೊಳ್ತವೆ, ಒಂದು ತಿಂಗಳು ನನಗೂ ಕಷ್ಟ. ಇದನ್ನ ಮಾತ್ರ ಕಳ್ಕೋಬೇಡ. ಒಳಗೆ ಇನ್ನೊಂದು ರಾಣಿ ಇದ್ರೆ ನಿನ್ನ ಹುಳಗಳೇ ಇದನ್ನ ಸುತ್ತುಗಟ್ಟಿ ಕೊಲ್ತವೆ, ಗೊತ್ತಲ್ಲ?"

"ಗೊತ್ತು," ಎಂದಳು. ಪೊಟ್ಟಣ ತೆಗೆದುಕೊಂಡು ಗೇಟಿನವರೆಗೆ ನಡೆದಳು. ನಾನು ನಿಂತ ಕಡೆಯಿಂದ ಕದಲಲಿಲ್ಲ.

"ಬನ್ನಿ ಅಕ್ಕ."

"ಕಾಲು ನೋವು ಕಣೇ. ಸ್ವಲ್ಪ ನಿಂತು ಬರ್ತೀನಿ."

ಅವಳಿಗೆ ನನ್ನ ಕಾಲುನೋವು ಎಂಥದ್ದೆಂದು ಗೊತ್ತು. ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಪೊಟ್ಟಣದೊಳಗಿನ ಸದ್ದು ನನಗೂ ಕೇಳಿಸುತ್ತಿತ್ತು. ಲೈನ್‌ಮನ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಎಷ್ಟು ಹೊತ್ತಾಯಿತೋ, ಅವಳು ತಿರುಗಿ ಬಂದು ಪೊಟ್ಟಣವನ್ನು ಸೈಕಲ್ಲಿನ ಸೀಟಿನ ಮೇಲಿಟ್ಟಳು.

"ಸತ್ತಿಲ್ಲ. ಒಳಗಿದೆ. ಮರಿರಾಣಿ ಅದು. ಹಳೇದು ಅಂದ್ಕೊಂಡು ರೆಕ್ಕೆ ಕತ್ತರಿಸಿಬಿಟ್ಟೆ."

ಇನ್ನು ಕನ್ನಡಕದ ಮಾತು ಬರುತ್ತದೆ ಎಂದು ನಾನು ನೆಲ ನೋಡಿದೆ. ಬರಲಿಲ್ಲ. ಅವರು ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡರು.

"ಎಷ್ಟು ಚೌಕಟ್ಟಿನ ಮೇಲೆ ಹುಳ ಇದೆ?"

"ಮೂರು. ನಾಲ್ಕನೇದು ಅರ್ಧ."

"ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬರ್ತೀನಿ. ಅಷ್ಟರೊಳಗೆ ಒಳಗಿನದನ್ನ ಹಿಡಿದು ತೋರಿಸು. ಸಿಗದಿದ್ರೆ ಇದನ್ನ ವಾಪಸ್ಸು ನನ್ನ ಪೆಟ್ಟಿಗೆಗೆ ಬಿಡ್ತೀನಿ. ಆಮೇಲೆ ಕೇಳಿದ್ರೂ ಕೊಡಕ್ಕಾಗಲ್ಲ. ತಡ ಆಗಿ ಅಲ್ಲಿ ಇನ್ನೊಂದು ಬೆಳೆಸೋಕೆ ಶುರುಮಾಡಿದ್ರೆ ಇದಕ್ಕೆ ಅಲ್ಲೂ ಜಾಗ ಇಲ್ಲ, ಇಲ್ಲೂ ಇಲ್ಲ."

ಮರುದಿನ ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ತೆರೆದಳು. ದಿಕ್ಕಿಲ್ಲದ ಹುಳಗಳಿಗೆ ಸಿಟ್ಟು ಹೆಚ್ಚು. ಅವಳ ಮಣಿಕಟ್ಟಿಗೆ ಎರಡು ಕಡೆ ಚುಚ್ಚಿದವು, ನನ್ನ ಕಿವಿಗೆ ಒಂದು. ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಈ ಕಡೆ ಅವಳು, ಆ ಕಡೆ ನಾನು ನೋಡಿದೆವು. ರಾಣಿ ಇಲ್ಲ. ಮತ್ತೆ ಮೊದಲಿನಿಂದ. ಇಲ್ಲ. ನಿನ್ನೆಮೊನ್ನೆಯವರೆಗೆ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದ ರಾಣಿ ಇವತ್ತು ಎಲ್ಲಿ ಸೇರಿಕೊಂಡಿತೋ. ಒಂಬತ್ತೂವರೆ ಆಯಿತು. ಜೇನಿನ ವಾಸನೆಗೆ ಇರುವೆ ಸಾಲು ಹಿಡಿಯಿತು. ಹೊಗೆ ಹೆಚ್ಚು ಹಾಕಿದರೆ ರಾಣಿ ಇನ್ನೂ ಒಳಕ್ಕೆ ಓಡುತ್ತದೆ, ಹಾಕದಿದ್ದರೆ ಚುಚ್ಚುತ್ತವೆ. ಮೂರನೆಯ ಸಲ ನೋಡುವಾಗ ಒಂದು ಚೌಕಟ್ಟು ಅವಳ ಕೈ ತಪ್ಪಿ ಪೆಟ್ಟಿಗೆಯ ಅಂಚಿಗೆ ಬಡಿಯಿತು. ಆ ಕೈ ತಪ್ಪಿದ್ದನ್ನು ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

"ನಾಲ್ಕನೇ ಸಲ ನೋಡೋಣ," ಎಂದೆ.

"ಬೇಡ. ಹತ್ತು ಸಲ ನೋಡಿದ್ರೂ ಇದೇ ಕಥೆ. ಎರಿ ಬಿಟ್ಟು ಕೆಳಗಿಳಿದು ಮೂಲೆ ಹಿಡಿದಿದೆ ಅದು." ಕೈಯಲ್ಲಿದ್ದ ಚೌಕಟ್ಟನ್ನು ಒಳಗಿಟ್ಟಳು. ಆಮೇಲೆ ಕೇಳಿದಳು. "ಅಕ್ಕ, ಅದಕ್ಕೆ ಹಾರೋಕಾಗಲ್ಲ ಅಲ್ವಾ?"

"ನೀನೇ ಮಾಡಿದ್ದಲ್ವೇನೇ."

"ಹಾಗಾದ್ರೆ ನಡೆದೇ ಬರಬೇಕು."

ಒಳಗೆ ಓಡಿ, ತಾನೇ ಅಂಚು ಹೊಲಿದ ಬಿಳಿ ಬೆಡ್‌ಶೀಟು ತಂದಳು. ಪೆಟ್ಟಿಗೆಯ ಮುಂದೆ ಹಾಸಿ, ಒಂದು ಕೊನೆಯನ್ನು ಪೆಟ್ಟಿಗೆಯ ಬಾಗಿಲಿಗೆ ಒತ್ತಾಗಿ ಸಿಕ್ಕಿಸಿದಳು. ಚೌಕಟ್ಟುಗಳನ್ನು ಒಂದೊಂದಾಗಿ ಬೆಡ್‌ಶೀಟಿನ ಇನ್ನೊಂದು ತುದಿಯಲ್ಲಿ ಜೋರಾಗಿ ಒದರಿದಳು. ಹುಳ ಕಾಳಿನ ಹಾಗೆ ಸುರಿದವು. ಪೆಟ್ಟಿಗೆಯನ್ನೂ ಬೋರಲು ಮಾಡಿ ತಟ್ಟಿ, ಮತ್ತೆ ಜಾಗದಲ್ಲಿಟ್ಟು, ಖಾಲಿ ಚೌಕಟ್ಟುಗಳನ್ನು ಒಳಗೆ ಸೇರಿಸಿದಳು. ಹಾರಬಲ್ಲವು ಹಾರಿದವು. ಉಳಿದವು ಮನೆಯ ವಾಸನೆ ಹಿಡಿದು ಬಿಳಿ ಬಟ್ಟೆಯ ಮೇಲೆ ಮೆರವಣಿಗೆ ಹೊರಟ ಹಾಗೆ ಬಾಗಿಲ ಕಡೆಗೆ ನಡೆಯತೊಡಗಿದವು.

"ನೀವು ಎಡಗಡೆ. ಕಣ್ಣು ಮಿಟುಕಿಸಬೇಡಿ. ಅದೇನಾದ್ರೂ ಒಳಗೆ ಹೋದ್ರೆ ಮುಗೀತು," ಎಂದಳು.

ಇಬ್ಬರೂ ಮಂಡಿಯೂರಿ ಕುಳಿತೆವು. ಸಾವಿರಾರು ಹುಳ ಸಾಗುತ್ತಿದ್ದವು, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹಿಂದಿನಿಂದ ಗೋಡೆಯಾಚೆ ಕೆಮ್ಮಿದ ಸದ್ದು. ಲೈನ್‌ಮನ್ ಬಂದಿದ್ದರು. ಹನ್ನೊಂದೂ ಮುಕ್ಕಾಲು ಇರಬೇಕು. ಅವರು ಗೋಡೆಯ ಮೇಲೆ ಮೊಣಕೈ ಊರಿ ನಿಂತರು.

ಮೆರವಣಿಗೆ ತೆಳ್ಳಗಾಗುತ್ತ ಬಂತು. ಇನ್ನು ನೂರು ಹುಳ ಇದ್ದಾವು. ಐವತ್ತು. ನನ್ನ ಕಡೆಯಿಂದ ಹೋಗಿಲ್ಲ, ಅದನ್ನು ಆಣೆಯಿಟ್ಟು ಹೇಳುತ್ತೇನೆ. ಅವಳ ಕಡೆಯಿಂದ ಹೋಯಿತೇನೋ. ಅವಳ ಕಣ್ಣಿನ ವಿಷಯ ನನಗೆ ಗೊತ್ತಿತ್ತು, ಲೈನ್‌ಮನ್‌ರಿಗೂ ಗೊತ್ತಿತ್ತು.

ಅವಳು ಬಟ್ಟೆಯ ಮೇಲಿನಿಂದ ಕಣ್ಣು ತೆಗೆದು, ಅಂಚಿನ ಮೇಲೆ ಕೈಯಿಟ್ಟಳು. ಅಂಚನ್ನು ಎರಡು ಮಡಿಕೆ ಮಡಚಿ ಹೊಲಿದಿದ್ದಳು. ಒಂದು ಕಡೆ ಹೊಲಿಗೆ ಬಿಟ್ಟು ಒಂದು ಗೇಣಿನಷ್ಟು ಬಾಯಿ ತೆರೆದಿತ್ತು. ಅವಳು ಬೆರಳಿನ ತುದಿಯನ್ನು ಆ ಮಡಿಕೆಯ ಮೇಲೆ, ಬಟ್ಟೆಯ ದಪ್ಪ ನೋಡುವ ಹಾಗೆ, ನಿಧಾನವಾಗಿ ಜಾರಿಸಿದಳು. ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಏನೋ ಇದೆ."

ಮಡಿಕೆಯನ್ನು ಮೆಲ್ಲಗೆ ಬಿಡಿಸಿದಳು. ಒಳಗಿನ ನೆರಳಿನಲ್ಲಿ ಉದ್ದನೆಯ ಕೆಂಚು ಹುಳ ಕುಳಿತಿತ್ತು. ಬಲರೆಕ್ಕೆ ಅರ್ಧ. ಎರಡು ಬೆರಳಲ್ಲಿ ಎತ್ತಿದಳು. ಈಗ ಕೈ ತಪ್ಪಲಿಲ್ಲ.

ಲೈನ್‌ಮನ್ ಗೋಡೆಯಿಂದ ಬಾಗಿ, "ಅದೇನಾ?" ಎಂದರು.

"ಅದೇ. ಈ ಕತ್ತರಿ ಗುರುತು ನನ್ನದೇ."

"ಕೊಡು ಇಲ್ಲಿ. ನಾನು ಮುಗಿಸ್ತೀನಿ."

"ಬೇಡ. ನಾನು ಕತ್ತರಿಸಿದ್ದು, ನಾನೇ ಮುಗಿಸ್ತೀನಿ." ಎಂದು ನಮಗೆ ಬೆನ್ನು ತಿರುಗಿಸಿ ನಲ್ಲಿಯ ಹತ್ತಿರ ಹೋದಳು. ಭುಜ ಒಮ್ಮೆ ಅಲುಗಿತು, ಅಷ್ಟೇ. ಆಮೇಲೆ ಖಾಲಿ ದಾರದ ರೀಲಿನ ತೂತಿನಲ್ಲಿ ಅದನ್ನು ಇಟ್ಟು, ಎರಡೂ ಕಡೆ ಮೇಣ ಮೆತ್ತಿ, ನಿಂಬೆಗಿಡದ ಬುಡದಲ್ಲಿ ಹುಗಿದಳು. ಅಷ್ಟು ಹೊತ್ತೂ ಲೈನ್‌ಮನ್ ಬೇರೆ ಕಡೆ ನೋಡುತ್ತಿದ್ದರು.

ಹೊಸ ರಾಣಿಯನ್ನು ನೇರವಾಗಿ ಬಿಡುವ ಹಾಗಿರಲಿಲ್ಲ. ಪರಕೀಯ ವಾಸನೆಗೆ ಹುಳಗಳು ಮುತ್ತಿಕೊಳ್ಳುತ್ತವೆ. ಲೈನ್‌ಮನ್ ಒಳಗೆ ಬಂದು ನನ್ನ ಟೀ ಸೋಸುವ ಜಾಲರಿಯ ಹಿಡಿ ಕತ್ತರಿಸಿ, ರಾಣಿಯನ್ನು ಅದರೊಳಗಿಟ್ಟು, ಜೇನು ಇರುವ ಎರಿಯ ಮೇಲೆ ಬೋರಲು ಒತ್ತಿದರು. ಮುಚ್ಚಳ ಹಾಕುವ ಮೊದಲೇ ಹುಳಗಳು ಜಾಲರಿಯನ್ನು ಮುತ್ತಿ ತಂತಿ ಕಚ್ಚತೊಡಗಿದ್ದವು.

"ಬೆರಳಿಂದ ಸರಿಸಿ ನೋಡ್ತಿರು," ಎಂದರು ಲೈನ್‌ಮನ್. "ಮುಳ್ಳಿನ ಹಾಗೆ ಕಚ್ಚಿಕೊಂಡಿದ್ರೆ ಸಿಟ್ಟು ಇಳಿದಿಲ್ಲ ಅಂತ. ಸುಲಭವಾಗಿ ಸರಿದ್ರೆ ಒಪ್ಪಿಕೊಂಡ ಹಾಗೆ. ಅದಕ್ಕೆ ಮೊದಲು ಬಿಟ್ಯೋ, ನನ್ನ ರಾಣಿಗೂ ನಿನ್ನ ರೀಲೇ ಗತಿ."

ಮೊದಲ ದಿನ ಸರಿಯಲಿಲ್ಲ. ಎರಡನೆಯ ದಿನವೂ ಇಲ್ಲ. ಕೆಲವು ಹುಳಗಳು ಕೊಂಡಿಯನ್ನೇ ಜಾಲರಿಯೊಳಕ್ಕೆ ತೂರಿಸುತ್ತಿದ್ದವು. ಮೂರನೆಯ ದಿನ ಹುಳ ಎರಡೂವರೆ ಎರಿಗೆ ಇಳಿದಿದ್ದವು. "ಇವು ಒಪ್ಪೋ ಹೊತ್ತಿಗೆ ಮನೇಲಿ ಯಾರೂ ಇರಲ್ಲ," ಎಂದು ಅವಳು ಮುಚ್ಚಳ ಹಾಕಿದಳು. ನಾಲ್ಕನೆಯ ದಿನ ಬೆರಳು ಸೋಕಿಸಿದಾಗ ಹುಳ ನೀರಿನ ಹಾಗೆ ಈಚೆಗೂ ಆಚೆಗೂ ಸರಿದವು. ಒಂದು ಹುಳ ತಂತಿಯೊಳಗೆ ನಾಲಿಗೆ ಚಾಚಿ ರಾಣಿಗೆ ಉಣಿಸುತ್ತಿದ್ದುದನ್ನು ನಾನು ನೋಡಿದೆ, ಅವಳಿಗೆ ಹೇಳಿದೆ. ಅವಳು ಜಾಲರಿ ಎತ್ತಿದಳು. ರಾಣಿ ಎರಿಯ ಮೇಲೆ ಎರಡು ಸುತ್ತು ಬಂದು, ಗುಂಪಿನಲ್ಲಿ ಕಾಣದಾಯಿತು.

ಮೊಟ್ಟೆ ಬಂದಿದೆಯೇ ಎಂದು ನೋಡಲು ಆರು ದಿನ ಕಾಯಬೇಕಿತ್ತು. ನಡುವೆ ತೆರೆದರೆ ಹುಳಗಳು ಗಾಬರಿಯಾಗಿ ಹೊಸ ರಾಣಿಯ ಮೇಲೆಯೇ ತಿರುಗಿಬೀಳಬಹುದು. ಆ ಆರು ದಿನ ಅವಳು ಹಳೆಯ ಪಂಚೆಯ ತುಂಡೊಂದನ್ನು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಸುಮ್ಮನೆ ಕಾಜಾ ಹಾಕಿದಳು. ಗುಂಡಿಯಿಲ್ಲ, ಅಂಗಿಯಿಲ್ಲ, ಸಾಲಾಗಿ ಕಾಜಾ. ನಾನು ಹುಳಗಳ ಕಾಲು ನೋಡುತ್ತಿದ್ದೆ. ನೂರರಲ್ಲಿ ನಾಲ್ಕು. ನೂರರಲ್ಲಿ ನಾಲ್ಕು. ಐದನೆಯ ದಿನ ನೂರರಲ್ಲಿ ಹನ್ನೊಂದು. ಅವಳಿಗೆ ಹೇಳಲಿಲ್ಲ. ಆಸೆ ತೋರಿಸಿ ಹುಸಿಯಾದರೆ ತಡೆಯುವ ಶಕ್ತಿ ಆಗ ಅವಳಿಗಿರಲಿಲ್ಲ.

ಏಳನೆಯ ದಿನ ಬೆಳಿಗ್ಗೆ ತೆರೆದಳು. ಎರಡನೆಯ ಚೌಕಟ್ಟನ್ನು ಎತ್ತಿ, ಸೂರ್ಯ ಬೆನ್ನಿಗೆ ಬರುವ ಹಾಗೆ ತಿರುಗಿ ನಿಂತು ನೋಡಿದಳು. ತುಂಬ ಹೊತ್ತು ನೋಡಿದಳು. ಎರಿಯನ್ನು ಹತ್ತಿರ ತಂದಳು, ದೂರ ಹಿಡಿದಳು.

"ಇಲ್ಲ ಅಕ್ಕ. ಏನೂ ಇಲ್ಲ."

ಚೌಕಟ್ಟನ್ನು ಒಳಗಿಡಲು ಬಾಗಿದಳು. ನಾನು ಅವಳ ಕೈ ಹಿಡಿದೆ. ಅವಳ ಭುಜದ ಮೇಲಿನಿಂದಲೇ ನನಗೆ ಕಂಡಿತ್ತು. ಹೇಳಿಬಿಡಬಹುದಿತ್ತು. ಆದರೆ ಅವಳು ಎರಡು ವಾರಕ್ಕೂ ಹೆಚ್ಚು ಕಾಲದಿಂದ ಇನ್ನೊಬ್ಬರ ಕಣ್ಣಿಂದಲೇ ಎಲ್ಲವನ್ನೂ ನೋಡುತ್ತಿದ್ದಳು. ನನ್ನ ಯಜಮಾನರು ಹೋದ ಮೇಲೆ ಅವರ ಓದುವ ಕನ್ನಡಕ ನನ್ನ ಪಾಲಿನ ಗೋಡೆಗೂಡಿನಲ್ಲಿಯೇ ಇತ್ತು. ಆವತ್ತು ಬೆಳಿಗ್ಗೆಯೇ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದೆ. ಗಂಟು ಬಿಚ್ಚಿ ಅವಳ ಮೂಗಿಗೆ ಏರಿಸಿದೆ. ಅವಳ ಎರಡೂ ಕೈಯಲ್ಲಿ ಚೌಕಟ್ಟು ಇದ್ದುದರಿಂದ ತಡೆಯಲಾಗಲಿಲ್ಲ.

"ಭಾವನವರದ್ದಲ್ವಾ ಇದು," ಎಂದಳು.

"ಅವರೇನೂ ಬೇಡ ಅನ್ನಲ್ಲ. ನೋಡು."

ನೋಡಿದಳು. ಖಾಲಿ ಎಂದುಕೊಂಡ ಪ್ರತಿಯೊಂದು ಕೋಣೆಯ ತಳದಲ್ಲೂ ಒಂದೊಂದು ಬಿಳಿ ಚೂರು ನೆಟ್ಟಗೆ ನಿಂತಿತ್ತು.

"ದಾರದ ಚೂರಿನ ಹಾಗಿದೆ ಅಕ್ಕ. ಕಾಜಾ ಮುಗಿಸಿ ಕತ್ತರಿಸಿದ ಮೇಲೆ ಉಳಿಯುತ್ತಲ್ಲ, ಹಾಗೆ." ಬೆರಳಿಟ್ಟು ಒಂದೊಂದೇ ಕೋಣೆ ನೋಡುತ್ತ ಹೋದಳು. "ಒಂದಕ್ಕೆ ಒಂದೇ. ತಳದಲ್ಲೇ ಇದೆ. ನೆಟ್ಟಗಿದೆ. ರಾಣಿದೇ ಇದು, ರಾಣಿ ಇಲ್ಲದಾಗ ಹುಳಗಳು ಕಂಡಕಂಡ ಹಾಗೆ ಇಡೋದಲ್ಲ."

ಗೋಡೆಯಾಚೆ ಸೈಕಲ್ಲಿನ ಗಂಟೆ ಬಾರಿಸಿತು. ಈ ಏಳು ದಿನವೂ ಅದೇ ಹೊತ್ತಿಗೆ ಆ ಗಂಟೆ ಬಾರಿಸುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಇವತ್ತು ನಿಂತಿತು. ಲೈನ್‌ಮನ್‌ರ ತಲೆ ಗೋಡೆಯ ಮೇಲೆ ಬಂತು. ಅವಳ ಮೂಗಿನ ಮೇಲಿನ ಕನ್ನಡಕ ನೋಡಿದರು.

"ಮೊಟ್ಟೆ ಇದೆಯಾ?"

"ಬಂದು ನೋಡಿ ಅಣ್ಣ," ಎಂದಳು. ಮೂರು ವರ್ಷದ ಮೇಲೆ ಅಣ್ಣ ಎಂದದ್ದು ಅದೇ ಮೊದಲು.

ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಚೌಕಟ್ಟನ್ನು ಕೈಗೆ ತೆಗೆದುಕೊಂಡು, ಸೂರ್ಯನಿಗೆ ಬೆನ್ನು ಮಾಡಿ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು, ಓರೆ ಮಾಡಿದರು. ಹುಬ್ಬು ಗಂಟಿಕ್ಕಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

"ಕಾಣ್ತಾ ಇದೆಯಾ ಅಣ್ಣ?"

ಅವರು ಚೌಕಟ್ಟಿನಿಂದ ಮುಖ ಎತ್ತದೆ, ಬಲಗೈ ಮಾತ್ರ ಅವಳ ಕನ್ನಡಕದ ಕಡೆ ಚಾಚಿದರು.

"ಅದನ್ನ ಇಲ್ಲಿ ಕೊಡು ಒಂದು ನಿಮಿಷ," ಎಂದರು.